ಒಂದೇ ರುಚಿಯ ಎರಡು ಬಟ್ಟಲು

ಆ ಆಸ್ಪತ್ರೆಯ ಅಲರ್ಜಿ ವಿಭಾಗದಲ್ಲಿ ಒಂದು ಅಡುಗೆಮನೆಯೂ ಇತ್ತು. ಅಲ್ಲಿ ಸೌಟು ಹಿಡಿದವಳು ಓದಿ ಪದವಿ ಪಡೆದ ಆಹಾರತಜ್ಞೆ. ಆದರೆ ಅವಳನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ. ವರ್ಷವಿಡೀ ಪುಡಿಂಗ್ ಒಂದನ್ನೇ ಮಾಡುತ್ತಾಳೆಂದು ದೊಡ್ಡ ನರ್ಸು ತಮಾಷೆಗೆ ‘ಪುಡಿಂಗಮ್ಮ’ ಅಂದಳು. ಹೆಸರು ಅಂಟಿದ್ದು ಅಂಟಿಯೇ ಬಿಟ್ಟಿತು.

ಪುಡಿಂಗಮ್ಮನ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಪ್ರತಿ ರೋಗಿಗೂ ಎರಡು ಬೇರೆ ಬೇರೆ ದಿನ ಎರಡು ಬಟ್ಟಲು ಪುಡಿಂಗ್ ಮಾಡಿ ಕೊಡಬೇಕು. ಬಣ್ಣ, ವಾಸನೆ, ರುಚಿ, ನಾಲಿಗೆಗೆ ತಾಗುವ ನುಣುಪು ಎಲ್ಲವೂ ಎರಡರಲ್ಲೂ ಒಂದೇ ಆಗಿರಬೇಕು. ಒಂದರಲ್ಲಿ ಮಾತ್ರ ರೋಗಿ ಹೆದರುವ ಪದಾರ್ಥ ಅಡಗಿರಬೇಕು, ಇನ್ನೊಂದರಲ್ಲಿ ಅದರ ಗಾಳಿಯೂ ಸೋಕಿರಬಾರದು. ಯಾವ ದಿನ ಯಾವ ಬಟ್ಟಲು ಎಂಬುದು ರೋಗಿಗಿರಲಿ, ಡಾಕ್ಟರಿಗೂ ನರ್ಸಿಗೂ ತಿಳಿಯಕೂಡದು. ತಿಳಿದರೆ ರೋಗಿಯ ಮೈ ತನ್ನದೇ ಕಥೆ ಕಟ್ಟುತ್ತದೆ, ಡಾಕ್ಟರ ಕಣ್ಣು ತನಗೆ ಬೇಕಾದದ್ದನ್ನೇ ಕಾಣುತ್ತದೆ. ಗುಟ್ಟು ಗೊತ್ತಿರುವುದು ಪುಡಿಂಗಮ್ಮನಿಗೊಬ್ಬಳಿಗೇ. ಎರಡೂ ದಿನ ಮುಗಿಯುವ ತನಕ ಅವಳು ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಬಾಯಿಗಷ್ಟೇ ಅಲ್ಲ, ಮುಖಕ್ಕೂ. “ನಿನ್ನ ಮುಖ ನೋಡಿದ್ರೆ ಸಾರಿಗೆ ಉಪ್ಪು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಅಂತಾನೂ ಗೊತ್ತಾಗಲ್ವಲ್ಲೇ,” ಎಂದು ಅವಳ ಗಂಡ ಮನೆಯಲ್ಲಿ ಗೊಣಗುತ್ತಿದ್ದ.

ಒಂದು ದಿನ ಆ ವಿಭಾಗಕ್ಕೆ ಲಿಫ್ಟ್ ಮೆಕ್ಯಾನಿಕ್ ಒಬ್ಬ ತನ್ನ ಅಕ್ಕನ ಜೊತೆ ಬಂದ. ಐವತ್ತರ ಆಸುಪಾಸಿನವನು, ಕಬ್ಬಿಣದಂಥ ತೋಳು. ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ಓಡಾಡುವ ಬಾವಿಯಂಥ ಸಂದಿಯಲ್ಲಿ ಕಾಲ ಕೆಳಗೆ ಕತ್ತಲೆ ಬಾಯಿ ತೆರೆದು ನಿಂತಿದ್ದರೂ ಸಿಳ್ಳೆ ಹಾಕಿಕೊಂಡು ನಟ್ಟು ಬಿಗಿಯುವ ಆಸಾಮಿ. ಅಂಥವನು ಬೇರೆಯವರ ಮನೆಯ ಬಿಸ್ಕತ್ತು ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಚಿಕ್ಕವನಿದ್ದಾಗ ಯಾರೋ ಕೊಟ್ಟ ಗೋಡಂಬಿ ತಿಂದು, ಮುಖ ಊದಿ, ಉಸಿರು ಕಟ್ಟಿ, ಸತ್ತು ಬದುಕಿದ್ದ. ತಾಯಿಯಿಲ್ಲದ ಮನೆ. ಅಕ್ಕ ಆಗ ಇನ್ನೂ ಲಂಗದ ಹುಡುಗಿ. ಅವತ್ತಿನಿಂದ ಅವನ ಹೊಟ್ಟೆಗೆ ಹೋದದ್ದೆಲ್ಲ ಅವಳ ಕೈಯಡುಗೆಯೇ. ಅವಳಿಗೆ ಮದುವೆಯಾಯಿತು, ಪಕ್ಕದ ಮನೆಗೇ ತಮ್ಮನೂ ಬಂದ. “ಇವಳು ನನಗೆ ಹೆಂಡತಿಯಾಗಿ ಬಂದಳೋ, ತಮ್ಮನ ಹೊಟ್ಟೆಗೆ ಕಾವಲುಗಾರಳಾಗಿ ಬಂದಳೋ,” ಎಂದು ಭಾವ ನಗುತ್ತಿದ್ದನಂತೆ. ಆ ಭಾವನೂ ಈಗ ಇರಲಿಲ್ಲ. ಮಗಳು ದೂರದ ಊರಲ್ಲಿ ಮಗು ಹೆತ್ತು, “ಅಮ್ಮಾ, ಒಂದು ನಾಲ್ಕು ತಿಂಗಳು ಬಂದಿರು,” ಎಂದು ಗೋಗರೆಯುತ್ತಿದ್ದಳು. ಅಕ್ಕನದು ಒಂದೇ ಮಾತು: “ಇವನಿಗೆ ಬೇಯಿಸಿ ಹಾಕೋರು ಯಾರು?”

ತಮ್ಮ ಪರೀಕ್ಷೆಗೆ ಒಪ್ಪಿದ್ದು ಅದಕ್ಕೇ. ಚರ್ಮಕ್ಕೆ ಚುಚ್ಚಿ ನೋಡಿದಾಗ ಸಣ್ಣ ಗುಳ್ಳೆ ಎದ್ದಿತ್ತು. ರಕ್ತ ನೋಡಿದರೆ ಅದೂ ಅತ್ತ ಹೌದು ಅನ್ನಲಿಲ್ಲ, ಇತ್ತ ಇಲ್ಲ ಅನ್ನಲಿಲ್ಲ. “ಚಿಕ್ಕಂದಿನ ಅಲರ್ಜಿ ಕೆಲವರಿಗೆ ಹೋಗಿಬಿಡುತ್ತೆ, ಕೆಲವರಿಗೆ ಉಳಿಯುತ್ತೆ. ನಿಮಗೆ ಯಾವುದು ಅಂತ ತಿಂದೇ ನೋಡಬೇಕು,” ಅಂದರು ಡಾಕ್ಟರು.

ಪರೀಕ್ಷೆಗೆ ಮೊದಲು ಅಕ್ಕ ಅಡುಗೆಮನೆ ನೋಡಬೇಕೆಂದು ಹಟ ಹಿಡಿದಳು. ಒಳಗೆ ಬಂದವಳೇ ಡಬ್ಬಿಗಳ ಮುಚ್ಚಳದಂಚಿಗೆ ಬೆರಳಾಡಿಸಿದಳು, ಒರೆಸುವ ಬಟ್ಟೆಯನ್ನು ಮೂಸಿದಳು.

“ಈ ಸೌಟು ಯಾವುದಕ್ಕೆ? ಆ ಬಟ್ಟೇಲಿ ಇನ್ನೇನು ಒರೆಸ್ತೀರಿ?”

“ಒಂದು ಸಲ ಒರೆಸಿದ ಬಟ್ಟೆ ಮತ್ತೆ ಒಳಗೆ ಬರಲ್ಲ,” ಅಂದಳು ಪುಡಿಂಗಮ್ಮ.

“ನಾನೂ ಹಾಗೇ,” ಎಂದು ಅಕ್ಕ ತಲೆದೂಗಿದಳು. ಇಬ್ಬರೂ ಒಬ್ಬರಿಗೊಬ್ಬರು ಹಿಡಿಸಿದರು.

ಮೊದಲ ದಿನಕ್ಕೆ ಕಂಪ್ಯೂಟರು ಆರಿಸಿಕೊಟ್ಟದ್ದು ಗೋಡಂಬಿಯಿಲ್ಲದ ಬಟ್ಟಲು. ಪುಡಿಂಗಮ್ಮ ಬೆಳಿಗ್ಗೆಯೇ ಮೇಜು, ಪಾತ್ರೆ, ಕೈ ಎಲ್ಲವನ್ನೂ ತಿಕ್ಕಿ ತೊಳೆದಳು. ಒದ್ದೆ ಹತ್ತಿಯಿಂದ ಮೇಜನ್ನು ಒರೆಸಿ, ಆ ಹತ್ತಿ ನೆನೆಸಿದ ದ್ರಾವಣದಲ್ಲಿ ಪರೀಕ್ಷೆಯ ಪಟ್ಟಿ ಅದ್ದಿದಳು. ಗೋಡಂಬಿಯ ಸುಳಿವಿದ್ದರೆ ಎರಡನೇ ಗೆರೆ ಮೂಡಬೇಕು, ಮೂಡಲಿಲ್ಲ. ಕೋಕೋ, ಬಾಳೆಹಣ್ಣು, ಖರ್ಜೂರ, ಓಟ್ಸ್ ಬೆರೆಸಿ ಕಾಯಿಸಿ, ಒಂದಿಷ್ಟನ್ನು ಎಂದಿನಂತೆ ಮಾದರಿಗೆಂದು ಫ್ರಿಜ್ಜಿನಲ್ಲಿಟ್ಟು, ಉಳಿದದ್ದನ್ನು ಕಳಿಸಿಕೊಟ್ಟಳು.

ಅಡುಗೆಮನೆಗೂ ಪರೀಕ್ಷೆಯ ಕೋಣೆಗೂ ನಡುವೆ ಗಾಜಿನ ಗೋಡೆ. ತಮ್ಮ ಮಂಚದ ಮೇಲೆ ಕೂತಿದ್ದ. ಅಕ್ಕ ಕುರ್ಚಿಯ ತುದಿಯಲ್ಲಿ. ಮೊದಲು ಚಮಚದ ತುದಿಯಷ್ಟು, ಸ್ವಲ್ಪ ಹೊತ್ತು ಬಿಟ್ಟು ಅರ್ಧ ಚಮಚ, ಮತ್ತೆ ಕಾದು ಒಂದು ಚಮಚ. ಅಲ್ಲಿಯ ತನಕ ಎಲ್ಲ ಸರಿಯಾಗಿತ್ತು. ಮುಂದಿನ ತುತ್ತು ಬಾಯಿಗಿಟ್ಟವನು ಕೈಯನ್ನು ಕುತ್ತಿಗೆಗೆ ಒಯ್ದ.

“ಅಕ್ಕಾ, ಗಂಟಲು ಹಿಡೀತಿದೆ.”

ಕುತ್ತಿಗೆಯ ಮೇಲೆ ಕೆಂಪು ಮಚ್ಚೆಗಳು ನಕ್ಷೆ ಬರೆದಂತೆ ಹರಡಿದವು. ಉಸಿರು ಏದುಸಿರಾಯಿತು, ಹಣೆಯಲ್ಲಿ ಬೆವರೊಡೆಯಿತು. ದೊಡ್ಡ ನರ್ಸು ಚುಚ್ಚುಮದ್ದು ಹಿಡಿದು ನಿಂತಳು. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿದರು, ರಕ್ತದೊತ್ತಡ ನೋಡಿದರು. ಎರಡೂ ಸರಿಯಾಗಿಯೇ ಇದ್ದವು, ನಾಡಿ ಮಾತ್ರ ಕುದುರೆಯಂತೆ ಓಡುತ್ತಿತ್ತು. ಚುಚ್ಚುಮದ್ದಿನ ಅಗತ್ಯ ಬೀಳಲಿಲ್ಲ. ಮಾತ್ರೆ ಕೊಟ್ಟು ಮಲಗಿಸಿದರು. ಕ್ರಮೇಣ ಕೆಂಪು ಇಳಿಯಿತು.

ಅಕ್ಕ ತಮ್ಮನ ತಲೆಯನ್ನು ಎದೆಗೊತ್ತಿಕೊಂಡು, “ಬಡ್ಕೊಂಡೆ, ಕೇಳಿದ್ಯಾ? ಬೇಡ ಬೇಡ ಅಂತ ಬಡ್ಕೊಂಡೆ,” ಅನ್ನುತ್ತಿದ್ದಳು.

“ಇನ್ನೊಂದು ದಿನದ ಬಟ್ಟಲು ಬಾಕಿ ಇದೆ,” ಎಂದು ಡಾಕ್ಟರು ಮೆಲ್ಲಗೆ ಹೇಳಿದರು. “ಬರೋದು ಬಿಡೋದು ನಿಮ್ಮಿಷ್ಟ. ಬಲವಂತ ಇಲ್ಲ.” ಅವರ ದನಿಯಲ್ಲೇ ಗೊತ್ತಾಗುತ್ತಿತ್ತು, ಅವರ ಲೆಕ್ಕದಲ್ಲೂ ಗೋಡಂಬಿಯ ಬಟ್ಟಲು ಇವತ್ತೇ ಮುಗಿದಿತ್ತು.

ಗಾಜಿನಾಚೆ ನಿಂತ ಪುಡಿಂಗಮ್ಮನಿಗೆ ಮಾತ್ರ ನಿಜ ಗೊತ್ತಿತ್ತು. ಆ ಬಟ್ಟಲಲ್ಲಿ ಗೋಡಂಬಿ ಇರಲಿಲ್ಲ. ಇರಲಿಲ್ಲ ತಾನೆ? ಅವಳಿಗೆ ತನ್ನ ಕೈಯ ಮೇಲೇ ನಂಬಿಕೆ ಹೊರಟುಹೋಯಿತು. ಡಬ್ಬಿ ಅದಲುಬದಲಾಯಿತೇ? ಕೋಕೋ ಪುಡಿ ಮಾಡುವ ಕಾರ್ಖಾನೆಯಲ್ಲೇ ಏನಾದರೂ ಬೆರೆತಿತ್ತೇ? ಹಗ್ಗವನ್ನು ಹಾವೆಂದುಕೊಳ್ಳಬಾರದು, ಸರಿ. ಆದರೆ ಹಾವನ್ನೇ ಹಗ್ಗ ಅಂದುಕೊಂಡು ಒಬ್ಬರ ಕೊರಳಿಗೆ ಸುತ್ತಿಬಿಟ್ಟಿದ್ದರೆ?

ಫ್ರಿಜ್ಜಿನ ಮಾದರಿಯನ್ನು ತೆಗೆದುಕೊಂಡು ನೆಲಮಾಳಿಗೆಯ ಪ್ರಯೋಗಾಲಯಕ್ಕೆ ಓಡಿದಳು. ಅಲ್ಲಿದ್ದವನು ಹನಿರಾಯ. ಬೆಳಗಿನಿಂದ ಸಂಜೆಯವರೆಗೆ ಪ್ಲಾಸ್ಟಿಕ್ ತಟ್ಟೆಯ ಸಣ್ಣ ಗುಳಿಗಳಿಗೆ ಹನಿ ಹನಿಯಾಗಿ ದ್ರಾವಣ ಬಿಡುವುದೇ ಅವನ ಬಾಳು.

“ಇದರಲ್ಲಿ ಗೋಡಂಬಿ ಇದೆಯಾ ನೋಡಿ. ಯಾಕೆ ಏನು ಕೇಳಬೇಡಿ.”

ಹನಿರಾಯ ಅವಳ ಮುಖ ನೋಡಿದ. “ನಿಮ್ಮ ಮುಖದಲ್ಲೂ ಏನಾದ್ರೂ ಕಾಣುತ್ತೆ ಅಂತ ಇವತ್ತೇ ಗೊತ್ತಾಗಿದ್ದು,” ಅಂದ. ಆದರೆ ಮತ್ತೇನೂ ಕೇಳಲಿಲ್ಲ.

ಅವನ ಗುಳಿಗಳ ತಳದಲ್ಲಿ ಗೋಡಂಬಿಯ ಪ್ರೋಟೀನು ಸಿಕ್ಕರೆ ಗಪ್ಪನೆ ಅಪ್ಪಿಕೊಳ್ಳುವ ಪ್ರತಿಕಾಯಗಳನ್ನು ಬಳಿದಿರುತ್ತಾರೆ. ಅಪ್ಪಿಕೊಂಡರೆ ಕೊನೆಗೆ ಹಳದಿ ಬಣ್ಣ ಬರುತ್ತದೆ. ಹೋಲಿಸಲೆಂದು ಬೇಕಂತಲೇ ಒಂದು ಚೂರು ಗೋಡಂಬಿ ಬೆರೆಸಿದ ಗುಳಿ ಹಳದಿಯಾಯಿತು. ಅವಳ ಮಾದರಿಯ ಗುಳಿ ನೀರಿನಂತೆ ತಿಳಿಯಾಗಿಯೇ ಉಳಿಯಿತು.

“ಇಲ್ಲ ಅಂತಾಯ್ತಲ್ಲ?”

“ಪರೀಕ್ಷೆ ಯಾವತ್ತೂ ಇಲ್ಲ ಅನ್ನಲ್ಲ ಪುಡಿಂಗಮ್ಮ. ಸಿಗಲಿಲ್ಲ ಅನ್ನುತ್ತೆ.”

“ಕಾಯಿಸಿದಾಗ ರೂಪ ಬದಲಾಗಿ ತಪ್ಪಿಸಿಕೊಂಡಿದ್ರೆ?”

ಹನಿರಾಯನಿಗೆ ಆ ಪ್ರಶ್ನೆ ಇಷ್ಟವಾಯಿತು. ಪ್ರೋಟೀನು ವೇಷ ಬದಲಿಸಿದರೂ ಗಿಡದ ವಂಶವಾಹಿ ಅಷ್ಟು ಸುಲಭಕ್ಕೆ ಅಡಗುವುದಿಲ್ಲ. ಮರುದಿನ ಅದನ್ನೂ ಹುಡುಕಿದ. ಅಲ್ಲೂ ಸಿಗಲಿಲ್ಲ. “ಬೇರೆ ಬೇರೆ ಎರಡು ಬಲೆ ಬೀಸಿದ್ದೀನಿ. ಎರಡರಿಂದಲೂ ನುಣುಚಿಕೊಳ್ಳೋ ಮೀನು ಇಲ್ಲಿ ಇಲ್ಲ ಅಂತ ನನ್ನ ನಂಬಿಕೆ. ಹೋಗಿ ನಿದ್ದೆ ಮಾಡಿ.”

ನಿದ್ದೆ ಎಲ್ಲಿಂದ ಬರಬೇಕು? ತನ್ನ ತಪ್ಪಿಲ್ಲವೆಂದು ತಿಳಿದ ಮೇಲೆ ಇನ್ನೊಂದು ಭಾರ ಬಂದು ಕೂತಿತು. ಆ ಮನುಷ್ಯನ ಗಂಟಲು ಹಿಡಿದದ್ದು ಗೋಡಂಬಿ ಅಲ್ಲ, ಭಯ. ಅವನು ತಿರುಗಿ ಬಾರದಿದ್ದರೆ ಸಾಯುವ ತನಕ ಆ ಭಯವನ್ನೇ ಗೋಡಂಬಿ ಎಂದು ನಂಬಿಕೊಂಡಿರುತ್ತಾನೆ. ಬಂದರೋ, ಈ ಸಲದ ಬಟ್ಟಲಲ್ಲಿ ನಿಜವಾದ ಗೋಡಂಬಿಯೇ ಇರುತ್ತದೆ. ಖಾಲಿ ಬಟ್ಟಲಿಗೆ ಹೆದರಿದ ಮೈ ತುಂಬಿದ ಬಟ್ಟಲಿಗೆ ಸುಮ್ಮನಿರುತ್ತದೆಂದು ಯಾರು ಬರೆದುಕೊಟ್ಟಿದ್ದಾರೆ? ಬನ್ನಿ ಅಂದರೂ ತಪ್ಪು, ಬರಬೇಡಿ ಅಂದರೂ ತಪ್ಪು. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಎರಡನೇ ಬಟ್ಟಲಿಗೆ ಗೊತ್ತುಮಾಡಿದ ದಿನ ಹತ್ತಿರವಾದಾಗ ಅಕ್ಕ ಒಬ್ಬಳೇ ಬಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಳಗೆ ಬರಲೂ ಇಲ್ಲ, ಹೋಗಲೂ ಇಲ್ಲ.

“ನೀವೂ ಬೇಯಿಸೋರು, ನಾನೂ ಬೇಯಿಸೋಳು. ಅದಕ್ಕೇ ಕೇಳ್ತಿದ್ದೀನಿ. ಅವತ್ತು ಅದರಲ್ಲಿ ಇತ್ತಾ, ಇರಲಿಲ್ವಾ?”

“ಹೇಳೋ ಹಾಗಿಲ್ಲ.”

“ಬಾಯಿಬಿಟ್ಟು ಹೇಳಬೇಡಿ. ತಲೆ ಆಡಿಸಿ, ಸಾಕು.”

ಪುಡಿಂಗಮ್ಮ ತಲೆಯನ್ನು ಎಷ್ಟು ಬಿಗಿಹಿಡಿದಳೆಂದರೆ ಕತ್ತಿನ ನರ ನೋಯಿತು.

“ಕಲ್ಲಾದ್ರೂ ಕರಗೀತು,” ಅಂದಳು ಅಕ್ಕ. ಹೊರಗಿನ ಬೆಂಚಿನ ಮೇಲೆ ಕುಸಿದು ಕೂತಳು. ಪುಡಿಂಗಮ್ಮ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಅಕ್ಕ ತಾನಾಗಿ ಬಾಯಿಬಿಟ್ಟಳು.

“ಅವತ್ತು ಅವನಿಗೆ ಉಸಿರು ಹಿಡಿದಾಗ ನನ್ನ ಜೀವ ಹೋದ ಹಾಗಾಯ್ತು. ಆಮೇಲೆ ಅವನು ಸುಧಾರಿಸ್ಕೊಂಡ. ಆಗ ನನಗೆ ಒಂಥರಾ ಸಮಾಧಾನ ಆಯ್ತು. ಬದುಕಿದ ಅಂತ ಮಾತ್ರ ಅಲ್ಲ. ಇಷ್ಟು ವರ್ಷ ನಾನು ಕಾದಿದ್ದು ಸುಳ್ಳಲ್ಲ ಅಂತ. ಒಡಹುಟ್ಟಿದವನು ಒದ್ದಾಡ್ತಿದ್ರೆ ಸಮಾಧಾನ ಪಟ್ಟೆ. ಎಂಥ ಅಕ್ಕ ನಾನು?”

ಇದಕ್ಕೆ ಉತ್ತರ ಕೊಡಬೇಡ ಎಂದು ಯಾವ ನಿಯಮವೂ ಹೇಳಿರಲಿಲ್ಲ. “ಒಂದು ಬಾಗಿಲನ್ನ ಜನ್ಮವಿಡೀ ಕಾದೋರಿಗೆ, ಆಚೆ ಕಳ್ಳ ಇಲ್ಲವೇ ಇಲ್ಲ ಅಂದ್ರೆ ಹೊಟ್ಟೆ ಉರಿಯಲ್ವಾ?” ಅಂದಳು ಪುಡಿಂಗಮ್ಮ. “ನಿಮ್ಮ ಜಾಗದಲ್ಲಿ ಯಾರಿದ್ರೂ ಹಾಗೇ ಅನ್ಸೋದು. ಅದಕ್ಕೆ ನೀವು ಕೆಟ್ಟೋರಾಗಲ್ಲ.”

“ಹಾಗಾದ್ರೆ ಅವನನ್ನ ಕರ್ಕೊಂಡು ಬರ್ಲಾ?”

“ಏನೇ ಆದ್ರೂ ಡಾಕ್ಟರು ಪಕ್ಕದಲ್ಲೇ ಇರ್ತಾರೆ. ಮೊದಲ ದಿನ ಕೇಳಿದ್ರೂ ಅಷ್ಟೇ ಹೇಳ್ತಿದ್ದೆ, ಇವತ್ತೂ ಅಷ್ಟೇ.”

ಅಕ್ಕ ಎದ್ದು ಹೋದಳು. ಬರುವುದಿಲ್ಲ ಎಂದೇ ಪುಡಿಂಗಮ್ಮ ಅಂದುಕೊಂಡಳು.

ಆದರೆ ಗೊತ್ತಾದ ದಿನ ತಮ್ಮ ಎಲ್ಲರಿಗಿಂತ ಮೊದಲು ಬಂದು ಬಾಗಿಲಲ್ಲಿ ಕೂತಿದ್ದ. ಅಕ್ಕ ಹಿಂದೆ, ಮುಖ ಊದಿಸಿಕೊಂಡು.

“ಲಿಫ್ಟ್ ಮಧ್ಯದಲ್ಲಿ ನಿಂತರೆ ಜನ ಹಗ್ಗ ಹರೀತು ಅಂತ ಕಿರುಚ್ತಾರೆ,” ಎಂದು ಅವನು ದೊಡ್ಡ ನರ್ಸಿಗೆ ವಿವರಿಸುತ್ತಿದ್ದ. “ಎಷ್ಟೋ ಸಲ ಹಗ್ಗ ಗಟ್ಟಿಯಾಗೇ ಇರುತ್ತೆ. ಬ್ರೇಕಿಗೇ ಸಂಶಯ ಜಾಸ್ತಿ, ಸುಮ್ಸುಮ್ನೆ ಹಿಡ್ಕೊಂಡ್ಬಿಡುತ್ತೆ. ಯಾವುದು ಅಂತ ನೋಡದೆ ಅರ್ಧಕ್ಕೆ ಬಿಟ್ಟು ಹೋಗೋನು ಮೆಕ್ಯಾನಿಕ್ಕೇ ಅಲ್ಲ. ಹೇಗೂ ಇವತ್ತು ಖಾಲಿ ಬಟ್ಟಲು ತಾನೆ? ತಿಂದು ಮುಗಿಸಿಬಿಡ್ತೀನಿ.”

ಒಳಗೆ ಪುಡಿಂಗಮ್ಮ ಗೋಡಂಬಿ ಪುಡಿಯನ್ನು ತೂಗುತ್ತಿದ್ದಳು. ಆ ಮಾತು ಕಿವಿಗೆ ಬಿದ್ದು ಕೈ ಒಂದು ಕ್ಷಣ ನಿಂತಿತು. ಮತ್ತೆ ಮೊದಲಿನಿಂದ ತೂಗಿದಳು.

ಆ ಬೆಳಗಿನಷ್ಟು ಉದ್ದದ ಬೆಳಗನ್ನು ಅವಳು ಕಂಡಿರಲಿಲ್ಲ. ಮೊದಲ ದಿನದ ಬಿಗಿ ಇವತ್ತು ಯಾರಲ್ಲೂ ಇರಲಿಲ್ಲ. ನರ್ಸು ತನ್ನ ಕೆಲಸವನ್ನು ಕೂದಲೆಳೆಯಷ್ಟೂ ಬಿಡದೆ ಮಾಡಿದಳು, ಆದರೆ ನಡುನಡುವೆ ನಗೆಚಾಟಿಕೆ. ಡಾಕ್ಟರು ಕುರ್ಚಿಗೆ ಒರಗಿ ಕಾಲು ಚಾಚಿದ್ದರು. ಅಕ್ಕ ಅಂತೂ ಕೂತಲ್ಲೇ ತೂಕಡಿಸುತ್ತಿದ್ದಳು. ಇಡೀ ವಿಭಾಗದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಅವನ ಕುತ್ತಿಗೆಯನ್ನೇ ನೋಡುತ್ತಿದ್ದವಳು ಗಾಜಿನಾಚೆಯ ಪುಡಿಂಗಮ್ಮ ಒಬ್ಬಳೇ. ಅವನು ನುಂಗಿದಾಗಲೆಲ್ಲ ಅವಳ ಗಂಟಲೂ ನುಂಗುತ್ತಿತ್ತು. ಒಮ್ಮೆ ಅವನು ಕುತ್ತಿಗೆ ಕೆರೆದುಕೊಂಡ. ಅವಳು ಬಾಗಿಲ ಹಿಡಿಗೆ ಕೈ ಹಾಕಿದಳು. ಅಂಗಿಯ ಕಾಲರು ಚುಚ್ಚಿತ್ತೇನೋ, ಸರಿಮಾಡಿಕೊಂಡ ಅಷ್ಟೇ.

“ಅವತ್ತಿನದೇ ಚೆನ್ನಾಗಿತ್ತು. ಇದು ಸ್ವಲ್ಪ ಸಪ್ಪೆ,” ಎಂದು ಕೊನೆಯ ಚಮಚವನ್ನು ನೆಕ್ಕಿದ. ಬಟ್ಟಲು ಖಾಲಿಯಾಯಿತು. ಕಾಯುವ ಹೊತ್ತೂ ಕಳೆಯಿತು. ಮೈಯಲ್ಲಿ ಒಂದು ಗುಳ್ಳೆಯಿಲ್ಲ, ಉಸಿರಲ್ಲಿ ಒಂದು ಎಳೆ ಬದಲಾವಣೆಯಿಲ್ಲ.

ಡಾಕ್ಟರು ಅವಳನ್ನು ಒಳಕ್ಕೆ ಕರೆದರು. “ಎರಡೂ ಮುಗೀತು ಪುಡಿಂಗಮ್ಮ, ಬಾಯಿಯ ಬೀಗ ತೆಗೀರಿ. ನಾವೆಲ್ಲ ಅಂದುಕೊಂಡಿದ್ದೇ ತಾನೆ?”

“ಅಲ್ಲ,” ಅಂದಳು ಪುಡಿಂಗಮ್ಮ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿತು. “ಇವತ್ತಿನ ಬಟ್ಟಲಲ್ಲೇ ಗೋಡಂಬಿ ಇದ್ದಿದ್ದು. ಒಂದು ಮುಷ್ಟಿಯಷ್ಟು.”

ಖಾಲಿ ಬಟ್ಟಲನ್ನು ತಮ್ಮ ನೋಡಿದ. ಕೈ ತಾನಾಗಿ ಗಂಟಲಿಗೆ ಹೋಯಿತು. ಅಲ್ಲೇನೂ ಇರಲಿಲ್ಲ.

“ಹಾಗಾದ್ರೆ ಅವತ್ತು?”

“ಅವತ್ತು ಇರಲಿಲ್ಲ.”

ಸಂತೋಷ ಪಡಬೇಕಾದ ಹೊತ್ತಿನಲ್ಲಿ ಆ ದೊಡ್ಡ ಗಂಡಸಿನ ಮುಖ ಕಪ್ಪಿಟ್ಟಿತು. “ಅಂದ್ರೆ ನಾನು ನಾಟಕ ಆಡಿದೆ ಅಂತಾನಾ? ಇಷ್ಟು ಜನರ ಮುಂದೆ?”

ಡಾಕ್ಟರು ಕುರ್ಚಿಯನ್ನು ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡರು. “ನಿಮ್ಮ ಕುತ್ತಿಗೆ ಕೆಂಪಾಗಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ. ನಾಟಕದಲ್ಲಿ ಹಾಗೆ ಕೆಂಪಾಗೋಕೆ ಬರಲ್ಲ. ಒಂದು ಸಲ ಸಾವು ಕಂಡ ಮೈ ಅದು, ಮತ್ತೆ ಬಂತು ಅಂತ ಹೆದರ್ತು. ನೋಡ್ತಾ ಇದ್ದ ನಾನೂ ಗೋಡಂಬಿ ಅಂತಾನೇ ನಂಬಿದ್ದೆ.”

“ನಾನೂ,” ಅಂದಳು ಪುಡಿಂಗಮ್ಮ. “ಹಾಕಿಲ್ಲ ಅಂತ ಗೊತ್ತಿದ್ದ ನಾನೇ ಹೆದರಿ ಪ್ರಯೋಗಾಲಯಕ್ಕೆ ಓಡಿದೆ. ಒಂದಲ್ಲ, ಎರಡು ಥರ ಹುಡುಕಿಸಿದೆ. ಇಲ್ಲದ ಗೋಡಂಬಿಗೆ ಹೆದರಿದವರು ನೀವೊಬ್ಬರೇ ಅಲ್ಲ.”

ತಮ್ಮ ಅವಳನ್ನೇ ನೋಡಿದ. ಮುಖದ ಬಿಗಿ ಸ್ವಲ್ಪ ಸಡಿಲವಾಯಿತು. “ನೀವೂನಾ?” ಎಂದು ಕೇಳಿ, ಗಟ್ಟಿಯಾಗಿ ಮೂಗೊರೆಸಿಕೊಂಡ.

ಆಗ ಎಲ್ಲರಿಗೂ ಅಕ್ಕನ ನೆನಪಾಯಿತು. ಕುರ್ಚಿ ಖಾಲಿ. ಪುಡಿಂಗಮ್ಮ ಹೊರಗೆ ಹೋಗಿ ನೋಡಿದರೆ ಕೈತೊಳೆಯುವಲ್ಲಿ ನಿಂತು ಮುಖಕ್ಕೆ ನೀರೆರಚಿಕೊಳ್ಳುತ್ತಿದ್ದಳು. ಕಣ್ಣೀರು ಯಾವುದು, ನಲ್ಲಿಯ ನೀರು ಯಾವುದು ತಿಳಿಯುವಂತಿರಲಿಲ್ಲ.

“ಗೊತ್ತಿದ್ದೂ ಅವತ್ತು ಬೆಂಚಿನ ಮೇಲೆ ನನ್ನ ಒದ್ದಾಡೋಕೆ ಬಿಟ್ರಲ್ಲ.”

“ಹೌದು. ಬಿಟ್ಟೆ.”

ಅಕ್ಕ ಬೈಯುತ್ತಾಳೆಂದು ಅವಳು ಕಾದಳು. ಬೈಗುಳ ಬರಲಿಲ್ಲ. “ಯಾವಾಗ ಹೋಯ್ತು ಇದು? ಯಾವ ವರ್ಷದಿಂದ ನಾನು ಸುಮ್ನೆ ಕಾಯ್ತಾ ಇದ್ದೆ?”

“ಅದನ್ನ ಹೇಳೋ ಪರೀಕ್ಷೆ ಇಲ್ಲ. ಆದ್ರೆ ಆಗ ನೀವು ಕಾಯದೇ ಇದ್ದಿದ್ರೆ ಇವತ್ತು ಪರೀಕ್ಷೆಗೆ ಬರೋಕೆ ಅವರೇ ಇರ್ತಿರಲಿಲ್ಲ. ಅದಂತೂ ಖಂಡಿತ.”

ಅಕ್ಕ ನಲ್ಲಿ ನಿಲ್ಲಿಸಿದಳು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, “ಆ ಕೋಕೋದಲ್ಲಿ ಅಷ್ಟೊಂದು ಗೋಡಂಬಿ ಹೇಗೆ ಮುಚ್ಚಿಟ್ರಿ? ನನ್ನ ಮೂಗಿಗೇ ಗೊತ್ತಾಗಲಿಲ್ಲ,” ಎಂದಳು. ಪುಡಿಂಗಮ್ಮನಿಗೆ ನಗು ಬಂತು, ಈ ಸಲ ತಡೆಯಲಿಲ್ಲ.

ಅಲರ್ಜಿ ಮರಳದಿರಲೆಂದು ಗೋಡಂಬಿಯನ್ನು ಆಗಾಗ ತಿನ್ನುತ್ತಲೇ ಇರಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಅಕ್ಕ ಮಗಳ ಊರಿಗೆ ಹೋದಳು. ಹೊರಡುವಾಗ ಬಸ್ಸಿನ ಕಿಟಕಿಯ ಹತ್ತಿರ ತಮ್ಮ ನಿಂತು ಅಕ್ಕಿ ಎಷ್ಟು, ನೀರು ಎಷ್ಟು ಎಂದು ಕೇಳುತ್ತಿದ್ದನಂತೆ, ಬಸ್ಸು ಹೊರಟರೂ ಕೇಳುತ್ತಿದ್ದನಂತೆ.

ಮುಂದಿನ ತಪಾಸಣೆಗೆ ಅವನು ಒಬ್ಬನೇ ಬಂದ. ಡಾಕ್ಟರನ್ನು ಕಂಡು ಅಡುಗೆಮನೆಯ ಬಾಗಿಲಿಗೆ ಬಂದ.

“ಗೋಡಂಬಿ ತಿಂತಾ ಇದ್ದೀರಾ?” ಎಂದು ಪುಡಿಂಗಮ್ಮ ಕೇಳಿದಳು.

“ಔಷಧಿ ಥರ ತಿಂತೀನಿ. ಒಳ್ಳೇ ಮೇಣ ಅಗಿದ ಹಾಗಿರುತ್ತೆ. ಇದಕ್ಕಾ ನಾನು ಅಷ್ಟು ಹೆದರಿದ್ದು!” ಎಂದ. ಆಮೇಲೆ ದನಿ ತಗ್ಗಿಸಿದ. “ಮೊನ್ನೆ ಕೆಲಸದ ಜಾಗದಲ್ಲಿ ಗೆಳೆಯನ ಡಬ್ಬಿಯಿಂದ ತಿಂದೆ. ಎಲ್ಲರೂ ತಿನ್ನೋದು ಬಿಟ್ಟು ನನ್ನೇ ನೋಡ್ತಿದ್ರು. ಎದೆ ಡಬಡಬ ಅಂತು. ಎದ್ದು ಓಡಲಿಲ್ಲ, ಕೂತೇ ಇದ್ದೆ. ಇನ್ನೂ ಹೆದರಿಕೆ ಇದೆ. ಆದ್ರೆ ಈಗ ಅದನ್ನ ಹೆದರಿಕೆ ಅಂತಾನೇ ಕರೀತೀನಿ.”

“ಅಕ್ಕ ಹೇಗಿದ್ದಾರೆ?”

“ಮೊಮ್ಮಗು ಕಾಲ ಮೇಲೆ, ಗೋಡಂಬಿ ಡಬ್ಬಿ ಕೈಯಲ್ಲಿ. ಚಿಕ್ಕವಳಿದ್ದಾಗ ಅವಳಿಗೆ ಅದಂದ್ರೆ ಪ್ರಾಣವಂತೆ. ನನ್ನ ದೆಸೆಯಿಂದ ಬಿಟ್ಟಿದ್ಲು, ಒಂದು ಸಲಾನೂ ಹೇಳಿರಲಿಲ್ಲ. ಈಗ ಸಾಲ ತೀರಿಸೋ ಹಾಗೆ ತಿಂತಾಳೆ, ಮಗಳು ಬೈತಾಳೆ.” ಅವನು ನಕ್ಕ. ಹೋಗುವ ಲಕ್ಷಣ ಕಾಣಲಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತ.

“ಮತ್ತೇನು?”

“ನನ್ನ ಅಡುಗೆ ನನಗೇ ತಿನ್ನೋಕಾಗ್ತಿಲ್ಲ. ಗೋಡಂಬಿಯಿಂದ ಬಚಾವಾದೆ, ಇದರಿಂದ ಆಗಲ್ಲ ಅನ್ಸುತ್ತೆ. ಏನಾದ್ರೂ ಒಂದು, ಸುಲಭದ್ದು, ಹೇಳಿಕೊಡ್ತೀರಾ?”

ಆ ದಿನ ಯಾರ ಪರೀಕ್ಷೆಯೂ ಇರಲಿಲ್ಲ. ಪುಡಿಂಗಮ್ಮ ಅವನನ್ನು ಒಳಗೆ ಕರೆದು, ಮೊಣಕೈ ತನಕ ಕೈ ತೊಳೆಸಿ, ಪುಡಿಂಗಿನ ಪಾತ್ರೆಯಿಟ್ಟ ಒಲೆಯ ಮುಂದೆ ನಿಲ್ಲಿಸಿದಳು. ನಟ್ಟು ತಿರುಗಿಸುವ ಕೈ ಸೌಟನ್ನೂ ಹಾಗೇ ತಿರುಗಿಸಹೊರಟಿತು.

“ಮೆಲ್ಲಗೆ,” ಅಂದಳು ಅವಳು. “ತಳ ಹಿಡಿಯದ ಹಾಗೆ ಕೆದಕ್ತಾ ಇರಿ. ನಿಲ್ಲಿಸಿದ್ರೆ ಗಂಟು ಕಟ್ಟುತ್ತೆ.”

ಅವನು ತುಟಿ ಕಚ್ಚಿಕೊಂಡು ಮೆಲ್ಲಗೆ ಕೆದಕಿದ.